ಹೊಲದ ಮೇಲೊಂದು ಅಪವಾದ

ಡಬ್ಬಿ ಮೇಷ್ಟ್ರು ಬೆಳಿಗ್ಗೆ ಆಡಿದ್ದು ಒಂದೇ ಮಾತು. ಅದೂ ಕೇಳಿದ್ದಕ್ಕೆ ಹೇಳಿದ್ದು.

ಮೇಷ್ಟ್ರು ಬಾಡಿಗೆಗಿದ್ದ ಮನೆಯ ಒಡತಿ ಅಕ್ಕ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತ, “ಅಲ್ಲ ಮೇಷ್ಟ್ರೇ, ವರ್ಷದಿಂದ ನಮ್ಮಣ್ಣನ ಜಾಗದಲ್ಲಿ ಡಬ್ಬಿ ಬೋರಲು ಹಾಕ್ಕೊಂಡು ಕೂರ್ತೀರಲ್ಲ, ಅದರೊಳಗೆ ಏನು ಬೀಳತ್ತೆ?” ಎಂದು ಕೇಳಿದರು.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಅವರು ಸಂಶೋಧನಾಲಯವೊಂದರ ಸಹಾಯಕರು. ಗಾಜಿನಂತೆ ತಿಳಿಯಾದ ಡಬ್ಬಿಯೊಂದನ್ನು ಗಿಡಗಳ ಮೇಲೆ ಕವುಚಿ, ಒಳಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಯಂತ್ರದ ಪರದೆಯಲ್ಲಿ ನೋಡುವುದು ಅವರ ಉದ್ಯೋಗ. ಊರಿಗೆ ಅರ್ಥವಾದದ್ದು ಡಬ್ಬಿ ಮಾತ್ರ.

“ಈಗ ಉತ್ತು ಬಿಟ್ಟಿರೋ ಹೊಲ ಇದೆಯಲ್ಲ ಅಕ್ಕಾ, ಅದು ಇಂಗಾಲನ ಹೊರಗೆ ಬಿಡತ್ತೆ. ಆಚೆ ಕಡೆ ಸಮುದ್ರದ ನೀರು ಬಂದು ನಿಲ್ಲೋ ಜೌಗಿದೆಯಲ್ಲ, ಅದು ಒಳಗೆ ಎಳ್ಕೊಳತ್ತೆ. ಆ ಲೆಕ್ಕದಲ್ಲಿ ಹೊಲಕ್ಕಿಂತ ಜೌಗೇ ಮೇಲು.”

ಆ ಕೊನೆಯ ವಾಕ್ಯವನ್ನು ಅವರು ನುಂಗಿಕೊಳ್ಳಬಹುದಿತ್ತು. ನುಂಗಲಿಲ್ಲ.

ಅಕ್ಕ ಬೇಲಿಯಾಚೆಯ ದರ್ಜಿಗೆ ಹೇಳುವಾಗ “ಹೊಲ ಕೆಟ್ಟಿದೆಯಂತೆ” ಎಂದರು. ದರ್ಜಿ ತನ್ನ ಅಂಗಡಿಗೆ ಬಂದವರಿಗೆ ಹೇಳುವಾಗ, ಬಟ್ಟೆಗೆ ಅಂಚು ಹಚ್ಚುವ ಅಭ್ಯಾಸದಿಂದ, “ವಿಷವಂತೆ” ಎಂಬುದನ್ನೂ ಸೇರಿಸಿದ. ಬಿಸಿಲು ಏರುವ ಮೊದಲೇ ಸುದ್ದಿ ದೊಡ್ಡಣ್ಣನ ಕಿವಿ ತಲುಪಿತು. ದೊಡ್ಡಣ್ಣನೆಂದರೆ ಅಕ್ಕನ ಒಡಹುಟ್ಟಿದ ಅಣ್ಣ. ಹೊಲವೂ ಅವರದೇ, ಯಾರಿಗೂ ಬೇಡದೆ ಬಿದ್ದಿದ್ದ ಆ ಜೌಗೂ ಅವರದೇ. ಅವರು ಬೇಡವೆಂದರೆ ಮೇಷ್ಟ್ರ ಡಬ್ಬಿಗೆ ನೆಲವಿಲ್ಲ. ವರ್ಷದ ಅಳತೆ ಮುಗಿಯುವ ಹೊತ್ತಿಗೆ ಕೈತಪ್ಪಿದರೆ ಮೇಷ್ಟ್ರಿಗೆ ಕೆಲಸವೂ ಇಲ್ಲ.

ಮೇಷ್ಟ್ರು ಜೌಗಿನ ಅಂಚಿನಲ್ಲಿ ಯಂತ್ರದ ತಂತಿ ಬಿಡಿಸುತ್ತಿದ್ದಾಗ ದೊಡ್ಡಣ್ಣ ಬದುವಿನ ಮೇಲೆ ಗುಡುಗಿನಂತೆ ಬಂದರು. ಹಿಂದೆ ಅಕ್ಕ, ಕೊರಳಿಗೆ ಟೇಪು ಹಾಕಿಕೊಂಡ ದರ್ಜಿ, ಅವರ ಹಿಂದೆ ಕೆಲಸವಿದ್ದವರು ಮತ್ತು ಇಲ್ಲದವರು.

“ಏನ್ರೀ ಮೇಷ್ಟ್ರೇ, ನಮ್ಮ ತಾತ ಉತ್ತ ಹೊಲ ಇದು! ಈ ಹಾಳು ಕೊಚ್ಚೆಗಿಂತ ಕಡೆಯಾ?”

“ಕಡೆ ಅಂತ ನಾನೆಲ್ಲಿ ಅಂದೆ ದೊಡ್ಡಣ್ಣಾ? ಇಂಗಾಲ ಹೊರಗೆ ಬಿಡತ್ತೆ ಅಂದೆ.”

“ಬಿಡೋಕೆ ಅದಕ್ಕೇನು ಅಜೀರ್ಣವಾ?”

“ಎಲ್ಲಾ ಹೊಲಗಳೂ ಬಿಡ್ತವೆ...”

“ಈಗ ಊರಿನ ಎಲ್ಲಾ ಹೊಲಗಳಿಗೂ ಬಂತು ನೋಡಿ!” ಎಂದು ದರ್ಜಿ ಗುಂಪಿನ ಕಡೆ ತಿರುಗಿದ. ಗುಂಪು ಒಟ್ಟಾಗಿ ಗೊಣಗಿತು.

ದೊಡ್ಡಣ್ಣ ಕೈಯೆತ್ತಿ ಸದ್ದಡಗಿಸಿದರು. “ಬಾಯಿ ಮಾತು ಬೇಡ. ನಮ್ಮ ಕಣ್ಣೆದುರಿಗೆ ತೋರಿಸಿ. ಸುಳ್ಳಾಯ್ತೋ, ಈ ಜಾಗನೂ ಖಾಲಿ, ಆ ರೂಮೂ ಖಾಲಿ. ಇವತ್ತೇ.”

“ರೂಮು ನಂದಲ್ವೇನೋ ಅಣ್ಣಾ?” ಎಂದರು ಅಕ್ಕ.

“ನೀನು ಸುಮ್ನಿರು. ಎಲ್ಲಾ ಶುರುವಾಗಿದ್ದೇ ನಿನ್ನಿಂದ.”

ಮೇಷ್ಟ್ರ ಕಿವಿ ಕೆಂಪಾಯಿತು. ವರ್ಷವಿಡೀ ಕೆಸರಿನಲ್ಲಿ ಮೊಣಕಾಲೂರಿ ಮಾಡಿದ ಕೆಲಸಕ್ಕೆ ಈಗ ದರ್ಜಿಯ ಮುಂದೆ ಪರೀಕ್ಷೆ! ಆದರೂ ಹಲ್ಲು ಕಚ್ಚಿ ಡಬ್ಬಿಯನ್ನು ಜೌಗಿನ ಗಿಡಗಳ ಮೇಲೆ ಕವುಚಿದರು. “ನೋಡ್ತಾ ಇರಿ. ಸಂಖ್ಯೆ ಇಳಿಯತ್ತೆ.”

ಊರಿಗೆ ಊರೇ, ಬಾವಿಗೆ ಬಿದ್ದ ಬಿಂದಿಗೆಯನ್ನು ಇಣುಕಿ ನೋಡುವಂತೆ, ಡಬ್ಬಿಯ ಸುತ್ತ ಬಾಗಿತು. ಪರದೆಯ ಮೇಲಿನ ಸಂಖ್ಯೆ ಒಂದು ಕ್ಷಣ ತಡವರಿಸಿತು. ಆಮೇಲೆ ಏರಿತು. ಮತ್ತೂ ಏರಿತು.

“ಏರ್ತಾ ಇದೆ!” ದರ್ಜಿ ಕುಣಿದಾಡಿದ. “ಕೊಚ್ಚೆನೂ ಬಿಡ್ತಾ ಇದೆ!”

ಮೇಷ್ಟ್ರು ಬೆವೆತರು. ತಂತಿ ನೋಡಿದರು, ಕೊಳವೆ ನೋಡಿದರು, ಕೊನೆಗೆ ಡಬ್ಬಿಯೊಳಗೆ ನೋಡಿದರು. ಒಳಗೆ ಕತ್ತಲು! ನಡುಹಗಲಿನಲ್ಲಿ ಆ ಬಡಪಾಯಿ ಗಿಡಗಳ ಮೇಲೆ ಇಡೀ ಬೀದಿಯ ನೆರಳು ಬಿದ್ದಿತ್ತು.

“ನೆರಳು! ಬಿಸಿಲಿಲ್ಲದೆ ಎಲೆ ಹೇಗೆ ಎಳ್ಕೊಳತ್ತೆ? ನಿಮ್ಮ ನೆರಳು ಬಿದ್ದು ಕೆಟ್ಟಿದೆ! ದೂರ ಸರೀರಿ!”

“ನಿಂತ್ರೆ ನೆರಳು ಬೀಳದೇ ಇರೋಕೆ ನಾವೇನು ದೆವ್ವಗಳಾ?” ದೊಡ್ಡಣ್ಣ ಸಿಡಿದರು.

“ಜೊತೆಗೆ ಉಸಿರು ಬೇರೆ! ನೀವು ಬಿಡೋ ಉಸಿರಲ್ಲೂ ಅದೇ ಅನಿಲ ಇದೆ!”

“ಕೇಳಿದ್ರಾ? ಹೊಲ ಆಯ್ತು, ಈಗ ನಾವು!” ಎಂದ ದರ್ಜಿ. ಡಬ್ಬಿಯೊಳಗೆ ಏನಿದೆಯೆಂದು ಖುದ್ದಾಗಿ ನೋಡಲು ಅದರ ಅಂಚನ್ನೆತ್ತಿ ತಲೆ ತೂರಿಸಿದ. ಸಂಖ್ಯೆ ಗಾಳಿಪಟದಂತೆ ಮೇಲೇರಿತು.

ಅಷ್ಟರಲ್ಲಿ ಕಾಲುವೆಯ ಕಡೆಯಿಂದ ಸಣ್ಣ ಸದ್ದು ಕೇಳಿತು. ಉಬ್ಬರದ ನೀರು ಗಿಡಗಳ ಬುಡದಲ್ಲಿ ನುಸುಳುತ್ತ ಬರುತ್ತಿತ್ತು. ಇನ್ನು ಸ್ವಲ್ಪ ಹೊತ್ತು, ಡಬ್ಬಿ ಇಡುವ ಜಾಗವೇ ಮುಳುಗುತ್ತದೆ. ಆಮೇಲೆ ಇಂದು ಅಳತೆಯಿಲ್ಲ, ನಾಳೆ ಮೇಷ್ಟ್ರೇ ಇಲ್ಲ.

ಜೀವಮಾನದಲ್ಲಿ ಯಾರಿಗೂ ಜೋರು ಮಾಡದ ಮೇಷ್ಟ್ರು ಅಂದು ಜೋರು ಮಾಡಿದರು. ದರ್ಜಿಯ ಟೇಪು ಹಿಡಿದು ಹೊರಗೆಳೆದರು. “ಎಲ್ಲಾರೂ ಬದುವಿನ ಆಚೆ! ಒಬ್ಬರೂ ಉಸಿರೆತ್ತಬಾರದು! ದೊಡ್ಡಣ್ಣಾ, ನೀವೊಬ್ರು ಇಲ್ಲಿ ಕುಕ್ಕರಗಾಲಲ್ಲಿ ಕೂತ್ಕೊಳ್ಳಿ. ಬಾಯಿಗೆ ಟವೆಲ್ಲು ಕಟ್ಕೊಳ್ಳಿ!”

ಆ ದನಿಗೆ ದೊಡ್ಡಣ್ಣ ಕುಳಿತೇಬಿಟ್ಟರು. ಕೆಸರಿನಲ್ಲಿ ಕುಕ್ಕರಿಸಿ, ಮೂಗಿನವರೆಗೆ ಟವೆಲ್ಲು ಬಿಗಿದುಕೊಂಡು, ದರೋಡೆಗೆ ಹೊರಟು ದಾರಿ ತಪ್ಪಿದವರಂತೆ ಪರದೆಯನ್ನೇ ದಿಟ್ಟಿಸಿದರು. ಡಬ್ಬಿಯ ಮೇಲೆ ಬಿಸಿಲು ಬಿತ್ತು. ನೀರು ಮೇಷ್ಟ್ರ ಬೂಟು ಮುಟ್ಟಿತು. ಸಂಖ್ಯೆ ನಿಂತಿತು.

ಇಳಿಯಿತು. ಮತ್ತೆ ಇಳಿಯಿತು. ಇಳಿಯುತ್ತಲೇ ಹೋಯಿತು.

ಅದೇ ಡಬ್ಬಿಯನ್ನು ಹೊಲದ ಬೋಳು ಮಣ್ಣಿನ ಮೇಲಿಟ್ಟಾಗ ಸಂಖ್ಯೆ ನಿಧಾನವಾಗಿ, ನಾಚಿಕೆಯಿಲ್ಲದೆ, ಏರಿತು.

ದೊಡ್ಡಣ್ಣ ಟವೆಲ್ಲು ಬಿಚ್ಚಿದರು. ಮುಖ ಸಣ್ಣದಾಗಿತ್ತು. “ಹಾಗಾದ್ರೆ ನಮ್ಮ ಹೊಲ ದಿನಾ ಕಳ್ಕೋತಾನೇ ಇದೆಯಾ?”

ಗೆದ್ದವರು ಸುಮ್ಮನಿರಬೇಕು. ಮೇಷ್ಟ್ರು ಗೆದ್ದು ಅಭ್ಯಾಸವಿದ್ದವರಲ್ಲ.

“ಹೌದು ದೊಡ್ಡಣ್ಣಾ! ಉತ್ತಾಗಲೆಲ್ಲ ಕಳ್ಕೊಳತ್ತೆ. ಆದ್ರೆ ಈ ಜೌಗಿನ ಗಿಡಗಳು ಎಳ್ಕೊಂಡಿದ್ದು ಬೇರಿನಿಂದ ಕೆಸರಿಗೆ ಇಳಿಯತ್ತೆ. ಕೊಳೆತು ಹೋಗದ ಹಾಗೆ ನೂರಾರು ವರ್ಷದ್ದು ಅಲ್ಲೇ ಕೂತಿದೆ!”

“ಹೊಲ ಕಳ್ಕೊಂಡಿದ್ದೂ ಕೆಸರಲ್ಲಿ ಕೂತಿರೋದೂ ಒಂದೇನಾ?”

“ಒಂದೇ!”

“ಮಣ್ಣಿಗೆ ಬೇಕಾದದ್ದು ಅದೇನಾ?”

“ಅದೇ ದೊಡ್ಡಣ್ಣಾ, ಅದೇ! ಮಣ್ಣಿನ ಜೀವ ಅದು!”

ದೊಡ್ಡಣ್ಣ ಎರಡೂ ಕೈಗಳಿಂದ ಮೇಷ್ಟ್ರ ಕೈ ಹಿಡಿದುಕೊಂಡರು. “ತಪ್ಪಾಯ್ತು. ಎಷ್ಟು ದಿನ ಬೇಕಾದ್ರೂ ಇರಿ. ನಿಮ್ಮಂಥವರು ಊರಿಗೆ ಬೇಕು.” ದರ್ಜಿ ಕೂಡ ಚಪ್ಪಾಳೆ ತಟ್ಟಿದ. ಅಕ್ಕ ಮಧ್ಯಾಹ್ನ ಎರಡನೆಯ ಸಲ ಬಡಿಸಿದರು. ವಿಜ್ಞಾನ ಕೊನೆಗೂ ಜನರನ್ನು ಮುಟ್ಟಿತೆಂಬ ತೃಪ್ತಿಯಲ್ಲಿ ಮೇಷ್ಟ್ರು, ನೀರಿಳಿದ ಮೇಲೆ ಡಬ್ಬಿಯನ್ನು ಮತ್ತೆ ಜೌಗಿನ ಎಂದಿನ ಜಾಗದಲ್ಲಿಟ್ಟು ಬಂದು, ಕಾಲು ಚಾಚಿ ಮಲಗಿದರು.

ಸಂಜೆ ಅವರನ್ನು ಎಬ್ಬಿಸಿದ್ದು ಇಂಜಿನ್ನಿನ ಗರ್ಜನೆ.

ಬರಿಗಾಲಲ್ಲಿ ಓಡಿದರು. ನೀರಿಳಿದ ಜೌಗಿನ ದಂಡೆಯಲ್ಲಿ ಮಣ್ಣು ಅಗೆಯುವ ಹಳದಿ ಯಂತ್ರವೊಂದು ತೋಳು ಚಾಚಿ ನಿಂತಿತ್ತು. ಪಕ್ಕದಲ್ಲಿ ಸಾಲಾಗಿ ಟ್ರ್ಯಾಕ್ಟರುಗಳು. ದೊಡ್ಡಣ್ಣ ಮದುವೆಮನೆಯ ಯಜಮಾನನಂತೆ ಓಡಾಡುತ್ತಿದ್ದರು.

“ಬನ್ನಿ ಮೇಷ್ಟ್ರೇ! ನೂರಾರು ವರ್ಷದ ಜೀವ ಇಲ್ಲಿ ಸುಮ್ನೆ ಬಿದ್ದಿದೆ, ಅಲ್ಲಿ ನಮ್ಮ ಹೊಲ ಹಸ್ಕೊಂಡಿದೆ. ಪೂರ್ತಿ ತೆಗೆದು ಹೊಲಕ್ಕೆ ಹಾಕ್ಸಿಬಿಡ್ತೀನಿ!”

“ಅಯ್ಯೋ, ಬೇಡಿ! ಅಗೆದ್ರೆ ಅದೆಲ್ಲಾ ಗಾಳಿಗೆ ಹೋಗತ್ತೆ! ಅದು ಉಪ್ಪು ಕೆಸರು ದೊಡ್ಡಣ್ಣಾ, ಹೊಲದಲ್ಲಿ ಹುಲ್ಲೂ ಹುಟ್ಟಲ್ಲ!”

ದೊಡ್ಡಣ್ಣನ ಹುಬ್ಬು ಗಂಟಿಕ್ಕಿತು. “ಬೆಳಿಗ್ಗೆ ಹೊಲ ಸರಿಯಿಲ್ಲ ಅಂದ್ರಿ. ಮಧ್ಯಾಹ್ನ ಕೆಸರೇ ಜೀವ ಅಂದ್ರಿ. ಈಗ ಕೆಸರೂ ಸರಿಯಿಲ್ಲ ಅಂತೀರಾ? ನಾನು ನಿಮ್ಮ ಯಂತ್ರ ನಂಬ್ಲಾ, ನಿಮ್ಮ ಬಾಯಿ ನಂಬ್ಲಾ? ಯಂತ್ರನ ಕಣ್ಣಾರೆ ನೋಡಿದ್ದೀನಿ, ಕೆಸರಲ್ಲಿ ಕೂತು ನೋಡಿದ್ದೀನಿ!”

ಚಾಲಕ ಮೇಲಿನಿಂದ ವಿನಯವಾಗಿ ಬಗ್ಗಿದ. “ಸಾರ್, ಒಳ್ಳೇ ಮಾಲು ಎಲ್ಲಿದೆ ತೋರಿಸಿ. ನಿಮ್ಮನ್ನ ಕೇಳ್ದೆ ಒಂದು ಬಕೆಟ್ಟೂ ಎತ್ತಬೇಡ ಅಂದಿದ್ದಾರೆ ಯಜಮಾನ್ರು.”

ಮೇಷ್ಟ್ರು ಸುತ್ತ ನೋಡಿದರು. ಇನ್ನೂ ಒಂದು ದಾರಿಯಿದೆ! ದೂರದ ಮೂಲೆಯಲ್ಲಿ ಒಂದು ಎಲೆಯೂ ಇಲ್ಲದ, ಕಲ್ಲು ತುಂಬಿದ ದಿಬ್ಬವಿತ್ತು. ಬೆರಳನ್ನು ಅತ್ತ ಚಾಚಿದರು. “ಅಲ್ಲಿ... ಎಲ್ಲಾ ಅಲ್ಲೇ ಇದೆ.”

ಚಾಲಕ ಯಂತ್ರವನ್ನು ಅತ್ತ ತಿರುಗಿಸಿದ.

“ಏಯ್, ನಿಲ್ಸಯ್ಯಾ!” ದರ್ಜಿ ಮುಂದೆ ಬಂದ. “ಮೇಷ್ಟ್ರು ಬರೀ ಸಂಕೋಚದ ಮನುಷ್ಯ, ಒಳ್ಳೇ ಜಾಗ ಬಾಯಿಬಿಟ್ಟು ಹೇಳಲ್ಲ. ನಮ್ಮ ಊರು, ನಾವೇ ನೋಡ್ಕೋಬೇಕು. ಇಷ್ಟು ಓದಿದವರು ವರ್ಷವೆಲ್ಲಾ ಒಂದೇ ಕಡೆ ಡಬ್ಬಿ ಇಟ್ಟು ಕಾವಲು ಕೂತಿದ್ದಾರೆ ಅಂದ್ರೆ, ಒಳ್ಳೇ ಮಾಲು ಎಲ್ಲಿರತ್ತೆ, ನೀನೇ ಹೇಳು!”

ಊರಿಗೆ ಊರೇ ತಲೆದೂಗಿತು. ಚಾಲಕ ಕೆಳಗಿಳಿದು ಜೌಗಿನೊಳಗೆ ಹೋಗಿ, ಗಿಡಗಳ ಮೇಲಿದ್ದ ಡಬ್ಬಿಯನ್ನು ಮಗುವಿನಂತೆ ಎತ್ತಿ ತಂದು ಮೇಷ್ಟ್ರ ಕೈಗಿಟ್ಟ.

“ಹುಷಾರು ಸಾರ್, ಒಡೆದೀತು. ಸ್ವಲ್ಪ ಹಿಂದಕ್ಕೆ ನಿಂತ್ಕೊಳ್ಳಿ.”