ಮಾಡ್ಯೂಲ್‌ನಿಂದ ಉತ್ತರ ಬಂದಿಲ್ಲ

ಬೇರೆಯವರ ತಪ್ಪು ಹುಡುಕುವುದೇ ಉದ್ಯೋಗವಾದವನ ಬದುಕಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಹಾಸನದ ಸಾಲಗಾಮೆ ರಸ್ತೆಯಲ್ಲಿ, ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ನಮ್ಮ ಸಣ್ಣ ಕಂಪನಿ. ನಾನು ಅಲ್ಲಿ ಕೋಡ್ ಬರೆಯುವುದಿಲ್ಲ. ಬರೆದದ್ದನ್ನು ಓದುತ್ತೇನೆ. ಸರಿಯಿದ್ದರೆ ಒಪ್ಪಿಗೆ ಹಾಕುತ್ತೇನೆ, ಇಲ್ಲದಿದ್ದರೆ ವಾಪಸ್ ಕಳಿಸುತ್ತೇನೆ. ಹೆಚ್ಚಾಗಿ ವಾಪಸ್ ಕಳಿಸುತ್ತೇನೆ.

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕೆಲವು ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಹೃದಯದ ಡಾಕ್ಟರಿಲ್ಲ. ಅಲ್ಲಿ ತೆಗೆದ ಇಸಿಜಿ ನಮ್ಮ ಕೇಬಲ್ಲಿನಲ್ಲಿ ಹಾಸನದ ಡಾಕ್ಟರ ಮುಂದೆ ಬಂದು ಬೀಳುತ್ತದೆ. ಕೇಬಲ್ಲಿನ ಎರಡೂ ತುದಿಗೆ ಕಿರುಬೆರಳಿನಷ್ಟು ಉದ್ದದ ಒಂದೊಂದು ಲೋಹದ ತುಂಡು ಸಿಕ್ಕಿಸಿರುತ್ತದೆ. ಅದಕ್ಕೆ ಮಾಡ್ಯೂಲ್ ಎನ್ನುತ್ತೇವೆ. ವಿದ್ಯುತ್ತನ್ನು ಬೆಳಕು ಮಾಡಿ ಕಳಿಸುವುದು, ಬಂದ ಬೆಳಕನ್ನು ಮತ್ತೆ ವಿದ್ಯುತ್ತು ಮಾಡುವುದು ಅದರ ಕೆಲಸ. ಕೇಳಿದರೆ ತನ್ನ ಹೆಸರು, ನಂಬರು, ಮೈ ಎಷ್ಟು ಬಿಸಿಯಾಗಿದೆ, ಬೆಳಕು ಎಷ್ಟು ಬರುತ್ತಿದೆ ಎಂದೂ ಹೇಳುತ್ತದೆ. ಹಾಗೆ ಕೇಳಿ, ಬಂದ ಉತ್ತರವನ್ನು ನರ್ಸಿಂಗ್ ಹೋಮಿನಲ್ಲೂ ನಮ್ಮ ಆಫೀಸಿನಲ್ಲೂ ಪರದೆಯ ಮೇಲೆ ತೋರಿಸುವ ಕೋಡು ನಮ್ಮದು. ಆ ಕೋಡು ಸುಳ್ಳು ಹೇಳಬಾರದು. ಹೇಳಿದರೆ ಏನಾಗುತ್ತದೆ ಎನ್ನುವುದೇ ಮೊದಲನೆಯ ಪ್ರಸಂಗ. ಅದರಲ್ಲಿ ನಗುವಂಥದ್ದು ಕಡಿಮೆ.

೧. ತಕ್ಕಡಿ

ರಾಮನಾಥಪುರದ ಹೊಗೆಸೊಪ್ಪಿನ ಹರಾಜಿನಲ್ಲಿ ಬೇಲು, ಅಂದರೆ ಸೊಪ್ಪಿನ ಹೊರೆ, ತೂಗುತ್ತಿದ್ದ ಹಿರಿಯರೊಬ್ಬರಿಗೆ ಒಂದು ಬೆಳಗ್ಗೆ ಎದೆನೋವು ಬಂತು. ಅರಕಲಗೂಡಿನ ನರ್ಸಿಂಗ್ ಹೋಮಿಗೆ ಕರೆತಂದರು. ಇಸಿಜಿ ತೆಗೆದು ಹಾಸನಕ್ಕೆ ಕಳಿಸಿದರು. ಅದು ಹಾಸನಕ್ಕೆ ಬರಲೇ ಇಲ್ಲ. ಅರಕಲಗೂಡಿನ ಮಾಡ್ಯೂಲ್ ಅಂದು ಮುಂಜಾನೆಯೇ ಸತ್ತಿತ್ತು. ಪರದೆಯ ಮೇಲೆ ಮಾತ್ರ ಅರಕಲಗೂಡಿನ ಸಾಲು ಹಸಿರಾಗಿತ್ತು: 'ಬೆಳಕು ಚೆನ್ನಾಗಿದೆ.'

ಲೈನು ಚೆನ್ನಾಗಿದೆ, ಡಾಕ್ಟರು ನೋಡುತ್ತಿರಬೇಕು ಎಂದು ನರ್ಸು ಕಾದರು. ಏನೂ ಬಂದಿಲ್ಲ, ಇವತ್ತು ಯಾರಿಗೂ ಏನೂ ಆಗಿಲ್ಲ ಎಂದು ಡಾಕ್ಟರು ಊಟಕ್ಕೆ ಎದ್ದರು. ಫೋನ್ ಮಾಡಬೇಕೆಂದು ಒಬ್ಬರಿಗೆ ಹೊಳೆಯುವಷ್ಟರಲ್ಲಿ ಹೊತ್ತು ಮೀರಿತ್ತು. ಹಿರಿಯರು ಆಂಬುಲೆನ್ಸಿನಲ್ಲೇ ತೀರಿಕೊಂಡರು.

ನಾನು ಕೋಡ್ ತೆಗೆದು ನೋಡಿದೆ. ಒಂದು ಸಾಲು ಸಿಕ್ಕಿತು. ಮಾಡ್ಯೂಲ್ ಉತ್ತರ ಕೊಡದಿದ್ದರೆ ಹಿಂದಿನ ಸಲ ಕೊಟ್ಟ ಉತ್ತರವನ್ನೇ ತೋರಿಸು ಎನ್ನುವುದು ಅದರ ಅರ್ಥ. ಬರೆದವನು ಕೆಲಸ ಬಿಟ್ಟು ಹೋಗಿ ಬಹಳ ದಿನವಾಗಿತ್ತು. ಒಪ್ಪಿಗೆ ಹಾಕಿದವನ ಹೆಸರು ಕೆಳಗಿತ್ತು. ನನ್ನದು. ಆ ಸಾಲಿಗೆ ನಾನು ಅಂದು ಒಂದು ಕಾಮೆಂಟನ್ನೂ ಹಾಕಿದ್ದೆ: 'ಸಾಲಿನ ಕೊನೆಯಲ್ಲಿ ಒಂದು ಖಾಲಿ ಜಾಗ ಹೆಚ್ಚಾಗಿದೆ. ತೆಗೆಯಿರಿ.'

ಅವನು ತೆಗೆದಿದ್ದ.

ಹಿರಿಯರ ಮಗ ಒಂದು ದಿನ ನಮ್ಮ ಆಫೀಸಿಗೆ ಬಂದರು. ಕೂಗಾಡಲಿಲ್ಲ. ಪರದೆ ತೋರಿಸಿ ಎಂದರು. ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ತಪ್ಪು ನನ್ನದು ಎಂದೂ ಹೇಳಿದೆ. ಅವರು ಆ ಹಸಿರು ಸಾಲನ್ನು ನೋಡಿ ಎದ್ದರು.

"ನಮ್ಮಪ್ಪ ಮೂವತ್ತು ವರ್ಸ ತೂಕ ಮಾಡ್ದ ಸಾ. ಬೇಲ್ ಇಳಿಸ್ಬುಟ್ಮೇಲೆ ತಕ್ಡಿ ಮುಳ್ಳು ಸೊನ್ನೆಗೆ ಬರೋದು. ಒಂದಿನಾನೂ ಹಿಂದ್ಲು ಬೇಲಿನ್ ತೂಕ ತೋರ್ಸ್ಕಂಡು ನಿಂತ್ಕಳ್ಳಿಲ್ಲ. ಅದಕ್ಕೆ ಕರೆಂಟೂ ಇರ್ಲಿಲ್ಲ ಸಾ."

ಮರುದಿನ ಒಂದು ಹಾಳೆಯಲ್ಲಿ ನಿಯಮ ಬರೆದು ಗೋಡೆಗೆ ಅಂಟಿಸಿದೆ: 'ಉತ್ತರ ಬರದಿದ್ದರೆ, ಉತ್ತರ ಬಂದಿಲ್ಲ ಎಂದೇ ಹೇಳಬೇಕು. ಬೇರೆ ಏನನ್ನೂ ಹೇಳಬಾರದು.'

೨. ಇನ್ನೂರ ಐವತ್ತಾರು ಡಿಗ್ರಿ

ನಮ್ಮ ಕೇಬಲ್ಲುಗಳನ್ನೆಲ್ಲ ನೋಡಿಕೊಳ್ಳುವವರು ಒಬ್ಬರೇ. ಹರದನಹಳ್ಳಿ ಕಡೆಯವರು. ನಾವು ಲೈನಿನವರು ಎನ್ನುತ್ತೇವೆ. ಕೆಲಸದಲ್ಲಿ ಒಂದು ಕೊರತೆಯಿಲ್ಲ. ಆದರೆ ಯಾವಾಗ ಫೋನ್ ಮಾಡಿ ಎಲ್ಲಿದ್ದೀರಿ ಎಂದರೂ ಒಂದೇ ಉತ್ತರ: "ಇಲ್ಲೇ ಸಾಲಗಾಮೆ ರಸ್ತೆಲಿವ್ನಿ ಸಾ, ಬಂದೆ." ಹಿಂದಿನಿಂದ ಕಂಡಕ್ಟರು 'ಅರಕಲಗೂಡು, ಅರಕಲಗೂಡು' ಎಂದು ಕೂಗುತ್ತಿರುತ್ತಾನೆ. ನನ್ನ ಹೆಂಡತಿ ನನ್ನನ್ನು ಹುಡುಕಿ ಅವರಿಗೆ ಫೋನ್ ಮಾಡಿದರೂ ಅದೇ: "ಸಾರು ಜೊತೆಲೇ ಅವ್ರೆ ಅಕ್ಕ, ಇಲ್ಲೇ ಸಾಲಗಾಮೆ ರಸ್ತೆ." ನಾನು ಅವರನ್ನು ಎಷ್ಟೋ ಸಲ ಗದರಿದ್ದೇನೆ. "ಎಲ್ಲಿದ್ದೀರೋ ಅದನ್ನು ಹೇಳಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ." "ಅಂಗಂದ್ರೆ ಜನ ಎದ್ರುಕಂತಾರೆ ಸಾ," ಎನ್ನುತ್ತಿದ್ದರು.

ಆ ಸಾಲನ್ನು ತೆಗೆದು ಬರೆಸಿದ ಹೊಸ ಕೋಡು ಬಂದ ಮೇಲೆ ಒಂದು ಮಧ್ಯಾಹ್ನ ಹೊಳೆನರಸೀಪುರದ ಮಾಡ್ಯೂಲಿನ ಬಿಸಿ ಇನ್ನೂರ ಐವತ್ತಾರು ಡಿಗ್ರಿ ಎಂದು ಪರದೆ ತೋರಿಸಿತು. ಅಷ್ಟು ಬಿಸಿಯಾದರೆ ಸುತ್ತಲಿನ ಪ್ಲಾಸ್ಟಿಕ್ಕೆಲ್ಲ ಕರಗಿ ಹೊಗೆ ಏಳಬೇಕು. ಲೈನಿನವರು ಒದ್ದೆ ಗೋಣಿಚೀಲ ಹಿಡಿದುಕೊಂಡು ಓಡಿದರು. ಸ್ವಲ್ಪ ಹೊತ್ತಿನ ಮೇಲೆ ಫೋನ್ ಬಂತು.

"ಸಾ, ಮಾಡ್ಯೂಲೇ ಇಲ್ಲ."

"ಕರಗಿಹೋಗಿದೆಯೇ?"

"ಕರಗಿಲ್ಲ ಸಾ, ಯಾರೋ ಕಿತ್ಕಂಡವ್ರೆ. ಒಲೆ ಮೇಲೆ ಪಾತ್ರೆನೇ ಇಲ್ಲ, ನಿಮ್ಮ ಪರದೆ ಹಾಲು ಉಕ್ತಾ ಐತೆ ಅಂತೈತೆ."

ಮಾಡ್ಯೂಲ್ ಇಲ್ಲದಿದ್ದಾಗ ಅದರ ಉತ್ತರ ಓದುವ ತಂತಿಯಲ್ಲಿ ಅರ್ಥವಿಲ್ಲದ ಒಂದು ದೊಡ್ಡ ಸಂಖ್ಯೆ ಬರುತ್ತದೆ. ನಮ್ಮ ಕೋಡು ಅದನ್ನೇ ಬಿಸಿ ಎಂದು ಲೆಕ್ಕ ಹಾಕಿತ್ತು. ಕಿತ್ತವರು ಪಕ್ಕದ ಔಷಧಿ ಕೌಂಟರಿನವರು. ಮಗಳ ನಾಮಕರಣದ ಫೋಟೋ ಹಾಕಿಕೊಳ್ಳಲು ಪೆನ್‌ಡ್ರೈವ್ ಹುಡುಕುತ್ತಿದ್ದರಂತೆ. ಇದು ಕಣ್ಣಿಗೆ ಬಿದ್ದಿದೆ.

ಎರಡು ಗಂಟೆ ಲೈನಿರಲಿಲ್ಲ. ಪುಣ್ಯಕ್ಕೆ ಆ ಹೊತ್ತಿನಲ್ಲಿ ಅಲ್ಲಿ ಯಾರಿಗೂ ಎದೆನೋವು ಬರಲಿಲ್ಲ. ಬಂದಿದ್ದರೂ ಸೋಡಾ ಕುಡಿದು ಮಲಗಿರುತ್ತಿದ್ದರು. ನಮ್ಮ ಜಿಲ್ಲೆಯಲ್ಲಿ ಎದೆನೋವು ಎನ್ನುವುದೇ ಇಲ್ಲ. ಹೆಣ ಎತ್ತುವವರೆಗೂ ಅದು ಗ್ಯಾಸ್ಟ್ರಿಕ್ಕು.

ನಾನೇ ಹೋಗಿ ಕೌಂಟರಿನವರನ್ನು ಎದುರಿಗೆ ನಿಲ್ಲಿಸಿಕೊಂಡು, ಇದರ ಮೇಲೆ ಜೀವಗಳು ನಿಂತಿವೆ ಎಂದು ಹತ್ತು ನಿಮಿಷ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿದರು. ಮಾಡ್ಯೂಲನ್ನು ಎರಡೂ ಕೈಯಲ್ಲಿ ಹಿಡಿದು ವಾಪಸ್ ಕೊಟ್ಟರು. ಆಮೇಲೆ ಮೆಲ್ಲಗೆ ಕೇಳಿದರು: "ಒಟ್ಟು ಎಷ್ಟು ಜಿಬಿ ಸಾರ್ ಇದು?"

೩. ಸೂರ್ಯ ಮುಳುಗುವ ಮೊದಲು

ಹೊಸ ಕೋಡು ಬರೆದಾಕೆ ಚನ್ನರಾಯಪಟ್ಟಣದ ಜೈನರ ಮನೆಯ ಹುಡುಗಿ. ಅವರ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಹಾಗಾಗಿ ಐದು ಗಂಟೆಯ ಬಸ್ಸು ತಪ್ಪಿಸುವಂತಿಲ್ಲ. ಇದಕ್ಕೆ ನನ್ನ ತಕರಾರಿಲ್ಲ. ನಿಯಮ ಇಟ್ಟುಕೊಂಡವರನ್ನು ನಾನು ಗೌರವಿಸುತ್ತೇನೆ. ತೊಂದರೆ ಎಂದರೆ, ಆಕೆ ಕೋಡ್ ಕಳಿಸುತ್ತಿದ್ದುದು ನಾಲ್ಕೂವರೆಗೆ.

"ಸಾರ್, ಬೇಗ ಒಪ್ಪಿಗೆ ಕೊಟ್ಟುಬಿಡಿ. ಬಿಸಿ ತಪ್ಪು ತೋರಿಸ್ತಿದ್ದಿದ್ದು ಸರಿ ಮಾಡಿದೀನಿ."

ಓದಿದೆ. ಮಾಡ್ಯೂಲ್ ಉತ್ತರ ಕೊಡದಿದ್ದಾಗ ತೋರಿಸಲು ಆಕೆ ಬರೆದಿದ್ದ ಮಾತು: 'ಪರಿಶೀಲಿಸಲಾಗುತ್ತಿದೆ.'

"ಯಾರು ಪರಿಶೀಲಿಸುತ್ತಿದ್ದಾರೆ?"

"ಯಾರೂ ಇಲ್ಲ ಸಾರ್."

"ಮತ್ತೆ?"

"ಆಫೀಸುಗಳಲ್ಲಿ ಹೀಗೇ ಹೇಳ್ತಾರಲ್ಲ ಸಾರ್. ಯಾರಿಗೂ ಬೇಜಾರಾಗಲ್ಲ."

"ಗೋಡೆಯ ಮೇಲೆ ಏನು ಬರೆದಿದೆ?"

"ಓದಿದೀನಿ ಸಾರ್. ಆದ್ರೆ ನಮ್ಮ ಕಡೆ ಯಾರು ಸಾರ್ ಗೊತ್ತಿಲ್ಲ ಅಂತಾರೆ? ದಾರಿ ಕೇಳಿ ನೋಡಿ. ಗೊತ್ತಿಲ್ದೆ ಇರೋರೂ ನಿಂತ್ಕೊಂಡು, ಕೈ ತೋರಿಸಿ, ಎಡಕ್ಕೆ ತಿರುಗಿ ಅಂತಾರೆ. ಗೊತ್ತಿಲ್ಲ ಅಂದ್ರೆ ಅಹಂಕಾರ ಅಂದ್ಕೋತಾರೆ."

"ಹಾಗೆ ಎಡಕ್ಕೆ ತಿರುಗಿದ ಒಬ್ಬರು ರಾಮನಾಥಪುರಕ್ಕೆ ವಾಪಸ್ ಹೋಗಲಿಲ್ಲ," ಎಂದೆ.

ನಾನು ಹಾಕಿದ ಕಾಮೆಂಟುಗಳು ಇಪ್ಪತ್ತಮೂರು. ಕೊನೆಯದನ್ನು ಹಾಕುವಾಗ ಐದೂ ಹತ್ತು: 'ಈ ಸಾಲು ಏಕೆ ಬೇಕು? ಕೂಡಲೇ ಉತ್ತರಿಸಿ.' ತಲೆ ಎತ್ತಿ ನೋಡಿದರೆ ಕುರ್ಚಿ ಖಾಲಿ.

ಬೆಳಗ್ಗೆ ಬಂದು ನೋಡಿದೆ. ಇಪ್ಪತ್ತೆರಡಕ್ಕೂ ಒಪ್ಪುವಂಥ ಉತ್ತರ, ಕೋಡೂ ಸರಿಯಾಗಿತ್ತು. ಇಪ್ಪತ್ತಮೂರನೆಯದರ ಕೆಳಗೆ ಒಂದೇ ಸಾಲು: 'ಕೇಳುವ ಹೊತ್ತಿಗೆ ನಾನು ಬಸ್ಸಿನಲ್ಲಿದ್ದೆ. ಗೋಡೆಯ ನಿಯಮದ ಪ್ರಕಾರ: ಉತ್ತರ ಬಂದಿಲ್ಲ.'

ಒಪ್ಪಿಗೆ ಹಾಕಿದೆ. ಬೇರೆ ದಾರಿಯಿರಲಿಲ್ಲ.

೪. ಹಳೇ ಕೋಡು

ಅರಕಲಗೂಡಿನ ಅದೇ ನರ್ಸಿಂಗ್ ಹೋಮಿನ ಮಾಡ್ಯೂಲಿನಲ್ಲಿ ಬೆಳಕು ದಿನದಿನಕ್ಕೆ ಮಂದವಾಗುತ್ತಿದೆ ಎಂದು ಪರದೆ ಹೇಳತೊಡಗಿತು. ಈ ಸಲ ನಿಜ ಹೇಳುತ್ತಿತ್ತು. ಅಲ್ಲಿ ನನ್ನಿಂದ ಇನ್ನೊಂದು ಸಾವು ಆಗಬಾರದೆಂದು, ಹೊಸ ಮಾಡ್ಯೂಲ್ ಹಿಡಿದು ಲೈನಿನವರ ಜೊತೆ ನಾನೇ ಹೊರಟೆ.

ಎರಡು ಮಹಡಿ ಹತ್ತಿದೆವು. ಹತ್ತು ನಿಮಿಷ ಲೈನಿರುವುದಿಲ್ಲ ಎಂದು ಆ ಮಹಡಿಯ ನರ್ಸಿಗೆ ಹೇಳಿ, ಹಳೆಯದನ್ನು ಕಿತ್ತು ನನ್ನ ಅಂಗಿಯ ಜೇಬಿಗೆ ಹಾಕಿಕೊಂಡೆ. ಹೊಸದನ್ನು ಸಿಕ್ಕಿಸಿದೆ. ಪರದೆ ಹೇಳಿತು: 'ಉತ್ತರ ಬಂದಿಲ್ಲ.'

ಹಾಸನಕ್ಕೆ ಫೋನ್ ಮಾಡಿದೆ. "ಅದು ಬೇರೆ ಕಂಪನಿಯ ಮಾಲು ಸಾರ್, ಒಂದು ಸಾಲು ಬದಲಾಯಿಸ್ಬೇಕಿತ್ತು. ಬದಲಾಯಿಸಿ ಕಳ್ಸಿದೀನಿ. ನೀವು ಒಪ್ಪಿಗೆ ಕೊಟ್ರೆ ಮುಗೀತು," ಎಂದಳು ಹುಡುಗಿ.

ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಓದಲು ಕುಳಿತೆ. ಎಡತೋಳು ಭಾರವಾಗಿತ್ತು. ಎದೆಯ ಮೇಲೆ ಯಾರೋ ಮೊಣಕಾಲು ಊರಿದಂತಿತ್ತು.

"ಸಾ, ಅಂಗಿಯೆಲ್ಲ ನೆಂದೋಗೈತೆ. ಎಂಗೈತೆ ಮೈಗೆ?"

"ಏನಿಲ್ಲ. ಗ್ಯಾಸ್ಟ್ರಿಕ್. ಒಂದು ಸೋಡಾ ತನ್ನಿ."

"ಸೋಡಾ ಆಮೇಲೆ ತತ್ತೀನಿ. ಮೊದ್ಲು ಅದುಕ್ಕೆ ಒಪ್ಗೆ ಒತ್ತಿ, ಕೆಳಗೋಗನ."

"ಇರಿ. ಸಾಲಿನ ಕೊನೆಯಲ್ಲಿ ಒಂದು ಖಾಲಿ ಜಾಗ ಹೆಚ್ಚಾಗಿದೆ," ಎಂದೆ. ಕಾಮೆಂಟು ಟೈಪ್ ಮಾಡತೊಡಗಿದೆ. ಅಕ್ಷರಗಳು ಒಂದರ ಮೇಲೊಂದು ಹತ್ತಿಕೊಂಡವು. ಆಮೇಲೆ ನೋಡಿದರೆ ನಾನು ಕೆಳಗಿನ ಮಹಡಿಯಲ್ಲಿ ಹಾಸಿಗೆಯ ಮೇಲಿದ್ದೆ. ಎದೆಯ ತುಂಬ ತಂತಿ.

ಕೆಳಗಿನ ನರ್ಸು ಕೇಳುತ್ತಿದ್ದರು. "ನೋವಿದ್ಯಾ ಸಾರ್?"

"ಇಲ್ಲ."

"ಉಸಿರಾಟ?"

"ನಾರ್ಮಲ್."

"ಸುಸ್ತು?"

"ಎಲ್ಲ ನಾರ್ಮಲ್. ನನ್ನ ಲ್ಯಾಪ್‌ಟಾಪ್ ಎಲ್ಲಿ?"

ಲೈನಿನವರು ನಡುವೆ ಬಾಯಿ ಹಾಕಿದರು. "ಇವರ್ನ ನಂಬ್ಬೇಡಿ ಸಿಸ್ಟರ್. ಇವ್ರು ಹಳೇ ಕೋಡು. ಹಿಂದಿನ್ ಸಲದ ಉತ್ತರನೇ ಏಳ್ತಾವ್ರೆ."

ನರ್ಸು ಇಸಿಜಿ ಕಳಿಸುವ ಗುಂಡಿ ಒತ್ತಿದರು. ಹೋಗಲಿಲ್ಲ. ಮತ್ತೆ ಒತ್ತಿದರು. "ಲೈನೇ ಇಲ್ಲ! ಯಾರು ಕಿತ್ತಿದ್ದು?"

ಲೈನಿನವರು ನನ್ನ ಜೇಬಿಗೆ ಕೈ ಹಾಕಿದರು. ಹಳೆಯ ಮಾಡ್ಯೂಲ್ ತೆಗೆದುಕೊಂಡು ಎರಡೆರಡು ಮೆಟ್ಟಿಲು ಹಾರಿಕೊಂಡು ಮೇಲೆ ಓಡಿದರು. ಅಷ್ಟು ಹೊತ್ತು ನಾನು ಕೇಳಿಸಿಕೊಂಡದ್ದು ಗೋಡೆ ಗಡಿಯಾರವನ್ನು ಮಾತ್ರ. ರಾಮನಾಥಪುರದ ಹಿರಿಯರೂ ಬಹುಶಃ ಇದೇ ಗಡಿಯಾರವನ್ನು ಕೇಳಿರಬೇಕು. ಅವರಿಗೆ ಪರದೆ ಹಸಿರು ತೋರಿಸಿತ್ತು. ನನ್ನ ಪರದೆ 'ಉತ್ತರ ಬಂದಿಲ್ಲ' ಎಂದು ಕೆಂಪಾಗಿತ್ತು, ಹಳೆಯ ಮಾಡ್ಯೂಲ್ ಸಿಕ್ಕಿಸಿದ ಮೇಲೆ ಹಳದಿಯಾಯಿತು: 'ಬೆಳಕು ಮಂದವಾಗಿದೆ.' ಮಂದವಾದ ಬೆಳಕಿನಲ್ಲೇ ನನ್ನ ಇಸಿಜಿ ಹಾಸನಕ್ಕೆ ಹೋಯಿತು. ಒಂದೇ ನಿಮಿಷಕ್ಕೆ ಡಾಕ್ಟರ ಫೋನು: ಮಾತ್ರೆ ಕೊಟ್ಟು ಈಗಲೇ ಕಳಿಸಿ, ಒಂದು ಕ್ಷಣವೂ ಇಟ್ಟುಕೊಳ್ಳಬೇಡಿ.

ಆಂಬುಲೆನ್ಸಿನಲ್ಲಿ ನನ್ನ ಮುಖಕ್ಕೆ ಮಾಸ್ಕು ಹಾಕಿದ್ದರು. ಪಕ್ಕದಲ್ಲಿ ಲೈನಿನವರು ನನ್ನ ಫೋನ್ ಹಿಡಿದು ಕುಳಿತಿದ್ದರು. ಅದು ಹೊಡೆದುಕೊಂಡಿತು. ನನ್ನ ಹೆಂಡತಿ. ಅವಳಿಗೆ ರಕ್ತದೊತ್ತಡವಿದೆ. ಗಾಬರಿ ಮಾಡಬೇಡಿ ಎಂದು ಕೈಸನ್ನೆ ಮಾಡಿದೆ. ಲೈನಿನವರು ನನ್ನನ್ನೇ ನೋಡಿದರು. ನಾನು ಇಷ್ಟು ವರ್ಷ ಗದರಿದ್ದೆಲ್ಲ ಆ ಮುಖದ ಮೇಲೆ ಬಂದು ನಿಂತಿತು. ಗಂಟಲು ಸರಿಮಾಡಿಕೊಂಡರು.

"ಅಕ್ಕಾ, ಎಲ್ಲಿದೀವಿ ಅಂತ ಗೊತ್ತಿಲ್ಲ. ಆಂಬುಲೆನ್ಸು, ಕಿಟ್ಕಿಗೆ ಬಣ್ಣ ಬಳ್ದವ್ರೆ. ಸಾರು ಎಂಗವ್ರೆ ಅಂತಾನೂ ಗೊತ್ತಿಲ್ಲ. ಈಗ್ತಾನೆ ಕೇಳ್ದೆ. ಉತ್ತರ ಬಂದಿಲ್ಲ."

ಫೋನಿನಿಂದ ಬಂದ ಚೀರಾಟ ಸೈರನ್ನಿನ ಮೇಲೂ ಕೇಳಿಸಿತು. ನಾನು ಮಾಸ್ಕು ಕಿತ್ತೆಸೆದು, ಫೋನ್ ಕಸಿದುಕೊಂಡು, ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದೆ:

"ನಾನು ಚೆನ್ನಾಗಿದ್ದೀನಿ ಕಣೇ! ಇಲ್ಲೇ ಸಾಲಗಾಮೆ ರಸ್ತೇಲಿದ್ದೀವಿ, ಬಂದೆ!"

ಲೈನಿನವರು ನಿಧಾನವಾಗಿ ನನ್ನ ಕೈಯಿಂದ ಫೋನ್ ಬಿಡಿಸಿಕೊಂಡರು.

"ಅಕ್ಕಾ, ಅದು ನಾನೇಳೋ ಮಾತು. ನಂಬ್ಬೇಡಿ."