ಥೋದೋಸಿಸ್ ಬುಝೂಕಿ ಆರಿಸಿದ್ದು

"ತಲೆ ನರೆಯೋವರೆಗೂ ಹಡಗಿನ ತಳಕ್ಕೆ ಬೆಸುಗೆ ಹಾಕಿದವನು ನಾನು! ಸಮುದ್ರಕ್ಕೇ ಒಂದು ತೊಟ್ಟು ಒಳಗೆ ಬರೋಕೆ ಬಿಟ್ಟಿಲ್ಲ. ಇನ್ನು ಹಳೇ ಬುಝೂಕಿ ಮಾರೋ ಒಬ್ಬ ಪುಟಗೋಸಿ ನನಗೆ ಟೋಪಿ ಹಾಕ್ತಾನಾ?"

ಬಂದರೂರು ಪೆರಾಮಾದ ತನ್ನ ಅಡುಗೆಮನೆಯ ನಟ್ಟನಡುವೆ ನಿಂತು ಥೋದೋಸಿಸ್ ಹೀಗೆ ಗರ್ಜಿಸಿದ. ಆ ಗರ್ಜನೆಗೆ ಒಲೆಯ ಮೇಲಿದ್ದ ಕಾಫಿಯೂ ಹೆದರಿ ಉಕ್ಕಿ ಚೆಲ್ಲಿತು.

ಹೆಂಡತಿ ಅರ್ಗಿರೋ ಒಲೆ ಒರೆಸುತ್ತಾ ಹೇಳಿದಳು, "ನಿನಗೆ ಟೋಪಿ ಹಾಕೋದು ಕಷ್ಟ ಬಿಡು. ಆ ತಲೆ ಸದಾ ಕಾದಿರುತ್ತೆ. ಯಾವ ಟೋಪಿ ತಾನೇ ಸುಟ್ಟುಹೋಗದೆ ಉಳಿದೀತು?"

ವಿಷಯ ಇಷ್ಟೇ. ಬಂದರಿನ ಪಕ್ಕದ ಮಾಂಥೋಸನ ಹೋಟೆಲಿನಲ್ಲಿ ಶನಿವಾರ ಶನಿವಾರ ಹಾಡುವ ಒಂದು ಮೇಳವಿತ್ತು. ಅದರಲ್ಲಿ ಬುಝೂಕಿ ಎಂಬ ತಂತಿವಾದ್ಯ ನುಡಿಸುತ್ತಿದ್ದ ಮುದುಕ ಮಗಳ ಜೊತೆ ಯಾವುದೋ ದ್ವೀಪಕ್ಕೆ ಹೊರಟುಹೋದ. ಕುರ್ಚಿ ಖಾಲಿಯಾಯಿತು! ಮೀಸೆ ಚಿಗುರಿದಾಗಿನಿಂದ ಥೋದೋಸಿಸ್ ಆ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದ. ರಾಜನಿಗೆ ಸಿಂಹಾಸನದ ಮೇಲೂ ಅಷ್ಟು ಆಸೆ ಇದ್ದಿರಲಾರದು.

ಆದರೆ ಮಾಂಥೋಸ್ ಕಡ್ಡಿ ಮುರಿದಂತೆ ಹೇಳಿದ್ದ: "ಕುರ್ಚಿ ನಿಂದೇ ಕಣೋ. ಕೈ ಚೆನ್ನಾಗಿದೆ. ಆದರೆ ಆ ಸಲಿಕೆ ಹಿಡ್ಕೊಂಡು ನನ್ನ ಬಾಗಿಲು ತುಳೀಬೇಡ. ಶನಿವಾರದೊಳಗೆ ಒಂದು ಒಳ್ಳೇ ಬುಝೂಕಿ ತಾ. ಇಲ್ಲದಿದ್ರೆ ಫೋತಿಸನ್ನ ಕೂರಿಸ್ತೀನಿ."

ಸಲಿಕೆ ಎಂದರೆ ಥೋದೋಸಿಸನ ಬುಝೂಕಿ. ಅದರ ಕತ್ತು ಬಾಗಿ ಬಾಗಿ ಈಗ ತನ್ನ ಹೊಟ್ಟೆಯನ್ನು ತಾನೇ ನೋಡಿಕೊಳ್ಳುತ್ತಿತ್ತು. ಫೋತಿಸ್ ಎಂದರೆ ಅರ್ಗಿರೋಳ ಸ್ವಂತ ತಮ್ಮ. ಅವನ ಬಳಿ ಹೊಚ್ಚ ಹೊಸ ಬುಝೂಕಿ ಇತ್ತು, ಮೈತುಂಬಾ ಮುತ್ತಿನ ಚಿಪ್ಪಿನ ಚಿತ್ತಾರ. ಬಾರಿಸಲು ಮಾತ್ರ ಬರುತ್ತಿರಲಿಲ್ಲ!

"ಆ ಫೋತಿಸ್ ನನ್ನ ಕುರ್ಚೀಲಿ ಕೂತ ದಿನ, ನಾನು ಆ ಹೋಟೆಲಿನ ಮೀನು ಮುಟ್ಟಲ್ಲ!"

"ನಿನ್ನ ಪಾಲಿಂದೂ ನಾನೇ ತಿಂತೀನಿ" ಎಂದಳು ಅರ್ಗಿರೋ.

ಥೋದೋಸಿಸ್ ಯುದ್ಧಕ್ಕೆ ಹೊರಡುವ ಸೇನಾಪತಿಯಂತೆ ಯೋಜನೆ ಹಾಕಿದ. ಹೊಸದು ಬೇಡ, ಅದರ ಮರ ಇನ್ನೂ ಮಾತು ಕಲಿತಿರುವುದಿಲ್ಲ. ಹಳೆಯದೇ ಬೇಕು. ಆದರೆ ಕತ್ತು ಬಂದೂಕಿನ ನಳಿಗೆಯಂತೆ ನೆಟ್ಟಗಿರಬೇಕು. ಬೆನ್ನಿನ ಪಟ್ಟಿಗಳ ನಡುವೆ ಕೂದಲೂ ತೂರಬಾರದು. ಹೊಟ್ಟೆಯೊಳಗೆ ಕದ್ದು ಹಾಕಿದ ತೇಪೆ ಇರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಎಷ್ಟೇ ಇಷ್ಟವಾದರೂ ಮುಖದ ಮೇಲೆ ತೋರಿಸಬಾರದು! ತೋರಿಸಿದೆಯೋ, ಮಾರುವವನು ತಲೆಯ ಮೇಲೆ ಕೂತ!

ಹೊಟ್ಟೆಯೊಳಗೆ ನೋಡಲು ಕನ್ನಡಿ ಬೇಕಲ್ಲ? ಅರ್ಗಿರೋಳ ಪೌಡರ್ ಡಬ್ಬಿಯ ಮುಚ್ಚಳದಲ್ಲಿ ಪುಟ್ಟ ಕನ್ನಡಿಯಿತ್ತು. ಅವನು ಕೈ ಹಾಕಿದ.

"ಅದು ನಮ್ಮಮ್ಮ ಕೊಟ್ಟಿದ್ದು. ಅದು ಹೋದಲ್ಲಿಗೆ ನಾನೂ ಬರ್ತೀನಿ" ಎಂದು ಅರ್ಗಿರೋ ಚಪ್ಪಲಿ ಮೆಟ್ಟಿದಳು.

ಮೊದಲ ದಾಳಿ ಪಿರೇಯಸ್ ಪೇಟೆಯ ಒಂದು ಅಂಗಡಿಗೆ. ಥೋದೋಸಿಸ್ ಅಲ್ಲಿದ್ದ ಬುಝೂಕಿಗಳನ್ನೆಲ್ಲ ಕಲ್ಲಂಗಡಿ ಹಣ್ಣಿನಂತೆ ಕುಟ್ಟಿದ, ಮೂಸಿದ, ಒಂದು ಕಣ್ಣು ಮುಚ್ಚಿ ಗುರಿಯಿಟ್ಟ. ಪ್ರತಿಯೊಂದಕ್ಕೂ ಗಿರಾಕಿಗಳ ಎದುರಿಗೇ ತೀರ್ಪು! "ಇದಕ್ಕೆ ಗೂನು! ಇದಕ್ಕೆ ಹೊಟ್ಟೆ ಆಪರೇಷನ್ ಆಗಿದೆ! ಇದು ಬುಝೂಕಿಯಾ, ಮೀನಿನ ಬುಟ್ಟಿಯಾ?"

ಅಂಗಡಿಯವನು ಎರಡೂ ಕೈ ಜೋಡಿಸಿದ. "ಸ್ವಾಮಿ, ತಮಗೆ ಬುಝೂಕಿ ಬೇಕೋ, ಜಗಳ ಬೇಕೋ? ಜಗಳ ಆದರೆ ಹಳೇದ್ಯಾಕೆ, ಹೊಚ್ಚ ಹೊಸದೇ ಕೊಡ್ತೀನಿ!"

ಕೊಟ್ಟೂಬಿಟ್ಟ. ಅರ್ಗಿರೋ ಗಂಡನ ಅಂಗಿಯ ಚುಂಗು ಹಿಡಿದು ಬೀದಿಗೆ ಎಳೆದು ತಂದಳು.

ಇನ್ನೂ ಎರಡು ಅಂಗಡಿಗಳಲ್ಲಿ ಇದೇ ಮಂಗಳಾರತಿ ಆಯಿತು. ಶುಕ್ರವಾರ ಬಂತು. ಕಾಫಿ ಅಂಗಡಿಯಲ್ಲಿ ಯಾರೋ ಹೇಳಿದರು, ನಿಕೈಯಾದಲ್ಲಿ ಎವಾಂಥಿಯಾ ಅಂತ ಒಬ್ಬ ಅಜ್ಜಿ ಇದ್ದಾಳೆ, ತೀರಿಕೊಂಡ ಗಂಡ ಕ್ಷೌರಿಕ, ಅವನ ಬುಝೂಕಿ ಗೋಡೆಯ ಮೇಲೆ ಹಾಗೇ ನೇತಾಡುತ್ತಿದೆ, ಯಾರಿಗಾದರೂ ಕೊಡುತ್ತಾಳಂತೆ.

ಅಜ್ಜಿ ಕಪ್ಪು ಉಡುಪಿನಲ್ಲಿ ಒಣಗಿದ ಅಂಜೂರದಷ್ಟೇ ಇದ್ದಳು. ಕಾಫಿ, ತಣ್ಣೀರು, ಚಮಚದಲ್ಲಿ ಕಿತ್ತಳೆ ಸಿಪ್ಪೆಯ ಪಾಕ ಎಲ್ಲ ಕೊಟ್ಟು, ಬುಝೂಕಿಯನ್ನು ಮಗುವಿನಂತೆ ಇಳಿಸಿ ತಂದಳು. ಥೋದೋಸಿಸನ ಕಣ್ಣು ಅರಳಿತು. ಕತ್ತು ನೆಟ್ಟಗೆ! ಬೆನ್ನು ಆಕ್ರೋಟ್ ಮರದ್ದು, ಜೇನಿನ ಬಣ್ಣ! ಆದರೆ ಯೋಜನೆ ಯೋಜನೆಯೇ. ಅವನು ಹರಳೆಣ್ಣೆ ಕುಡಿದವನಂತೆ ಮುಖ ಮಾಡಿದ.

"ಏನಮ್ಮಾ, ಇದರಲ್ಲಿ ಕೋಳಿ ಮೊಟ್ಟೆ ಇಡ್ತಿತ್ತಾ?"

"ಇಲ್ಲ ಮಗ. ಕೋಳಿಗೆ ಬೇರೆ ಗೂಡಿದೆ" ಎಂದಳು ಅಜ್ಜಿ ಶಾಂತವಾಗಿ.

"ಒಳಗಡೆ ನೋಡ್ತೀನಿ. ತೇಪೆ ಇರೋದು ಗ್ಯಾರಂಟಿ!" ಎಂದು ಅವನು ಪೌಡರ್ ಡಬ್ಬಿ ತೆರೆದು, ತಂತಿಗಳ ನಡುವಿನಿಂದ ಹೊಟ್ಟೆಯ ತೂತಿಗೆ ಓರೆಯಾಗಿ ತೂರಿಸಿದ. ಹಡಗಿನ ಕಬ್ಬಿಣ ಹಿಡಿದು ಹಿಡಿದು ಮರದಂತಾದ ಬೆರಳು! ಡಬ್ಬಿ ಜಾರಿತು. ಡುಬುಕ್!

ಬುಝೂಕಿಯ ಹೊಟ್ಟೆಯಿಂದ ಬಿಳಿಯ ಹೊಗೆ ಬುಸ್ಸೆಂದು ಎದ್ದಿತು. ಅಜ್ಜಿ ಶಿಲುಬೆ ಗುರುತು ಹಾಕಿಕೊಂಡು ಕೂಗಿದಳು: "ಅಯ್ಯೋ, ನನ್ನ ಯಜಮಾನ್ರು!"

"ನಿಮ್ಮ ಯಜಮಾನ್ರಲ್ಲ ಅಜ್ಜಿ, ನನ್ನ ಪೌಡರು" ಎಂದಳು ಅರ್ಗಿರೋ. ಆಮೇಲೆ ಗಂಡನ ಕಡೆ ತಿರುಗಿ, "ಸಮುದ್ರದ ನೀರು ತಡೆದವನೇ, ಒಂದು ಡಬ್ಬಿ ತಡೆಯೋಕಾಗಲಿಲ್ವಾ?"

ಥೋದೋಸಿಸ್ ಬುಝೂಕಿಯನ್ನು ತಲೆಕೆಳಗು ಮಾಡಿ ಕುಲುಕಿದ. ಡಬ್ಬಿ ಗಡಗಡ ಎಂದಿತೇ ಹೊರತು ಬರಲಿಲ್ಲ. ಪೌಡರೆಲ್ಲ ಅವನ ಮೀಸೆಗೆ ಬಂತು. ಮಂಚದ ಮೇಲೆ ಅಂಗಾತ ಮಲಗಿ, ಬುಝೂಕಿಯನ್ನು ಮುಖದ ಮೇಲೆ ಹಿಡಿದು ಅಲ್ಲಾಡಿಸಿದ. ಸೀನಿದ. ಬೈದ. ಡಬ್ಬಿಗೆ, ಡಬ್ಬಿ ಮಾಡಿದವನಿಗೆ, ಅತ್ತೆಗೆ, ಎಲ್ಲರಿಗೂ ಬೈದ. ಕೊನೆಗೆ ಅರ್ಗಿರೋ ತಂತಿ ಸಡಿಲಿಸಿ, ಎರಡೇ ಬೆರಳು ಇಳಿಬಿಟ್ಟು ಡಬ್ಬಿಯನ್ನು ಮೀನು ಹಿಡಿದಂತೆ ಎತ್ತಿದಳು. ಕನ್ನಡಿಗೆ ಏನೂ ಆಗಿರಲಿಲ್ಲ. ಬುಝೂಕಿಗೂ ಏನೂ ಆಗಿರಲಿಲ್ಲ. ಒಳಗೆ ತೇಪೆಯೂ ಇರಲಿಲ್ಲ.

ಅಜ್ಜಿ ಬುಝೂಕಿ ಇಸಿದುಕೊಂಡಳು. ತಂತಿ ಬಿಗಿದು ಶ್ರುತಿ ಮಾಡಿ, ಪೆಟ್ಟಾಗಿದೆಯೋ ನೋಡಲು ಒಂದೇ ಒಂದು ಸಲ ಮೀಟಿದಳು.

ಆ ನಾದ! ಕೋಣೆಯ ಲೋಟಗಳು ಕೂಡ ಸಣ್ಣಗೆ ದನಿಗೂಡಿಸಿದವು. ಥೋದೋಸಿಸನ ಕಣ್ಣು ಮಂಜಾಯಿತು. ಹುಟ್ಟಿದಾಗಿನಿಂದ ಬಂದ ಅಭ್ಯಾಸ, ಯೋಜನೆ ಗೀಜನೆ ಕೇಳುತ್ತದೆಯೇ? ಚಂದದ ಮಗು ಕಂಡಾಗ ದೃಷ್ಟಿಯಾಗದಿರಲೆಂದು ಮಾಡುವ ಹಾಗೆ ಅವನ ಬಾಯಿ ತಾನೇ ತಾನಾಗಿ ಮುಂದೆ ಚಾಚಿತು:

"ಫ್ತೂ! ಫ್ತೂ! ಫ್ತೂ!"

ಅರ್ಗಿರೋ ಹಣೆ ಚಚ್ಚಿಕೊಂಡಳು. ಅಜ್ಜಿಯ ಮುಖದ ಸುಕ್ಕುಗಳೆಲ್ಲ ನಕ್ಕವು.

"ದೃಷ್ಟಿ ತೆಗೆದ್ಯಲ್ಲ ಮಗನೇ! ಕೋಳಿ ಗೂಡಿಗೆ ಯಾರಾದ್ರೂ ದೃಷ್ಟಿ ತೆಗೀತಾರಾ? ಇರಲಿ. ನೀನು ನೋಡಿದ್ದಾಯ್ತು. ಈಗ ನಾನು ನೋಡ್ತೀನಿ."

"ಏನನ್ನ?"

"ನಿನ್ನನ್ನ!"

ಅಜ್ಜಿ ಎದ್ದು ಬಂದು ಬೆರಳ ಗೆಣ್ಣಿನಿಂದ ಅವನ ತಲೆಗೆ ಟಕ್ ಟಕ್ ಎಂದು ಕುಟ್ಟಿದಳು. "ಟೊಳ್ಳು. ಒಳ್ಳೇದು, ನಾದ ಬರುತ್ತೆ. ಎಲ್ಲಿ, ಬಾರಿಸು."

ಥೋದೋಸಿಸ್ ಬಾರಿಸಿದ. ನಿಜ ಹೇಳಬೇಕೆಂದರೆ, ಚೆನ್ನಾಗಿಯೇ ಬಾರಿಸಿದ. ಅಜ್ಜಿ ಕಣ್ಣು ಮುಚ್ಚಿದಳು, ತಲೆದೂಗಿದಳು, ಸೆರಗಿನಂತಿದ್ದ ತಲೆವಸ್ತ್ರದಿಂದ ಮೂಗು ಒರೆಸಿಕೊಂಡಳು. ಕೆಲಸ ಆದಂತೆಯೇ ಎನ್ನುವಷ್ಟರಲ್ಲಿ, ಆಲೂಗಡ್ಡೆ ಮಾರುವವನ ವ್ಯಾನು ಬೀದಿಗೆ ಬಂತು. ಮೈಕಿನಲ್ಲಿ, "ಆಲೂಗಡ್ಡೇ! ಈರುಳ್ಳೀ!"

ಥೋದೋಸಿಸ್ ಛಂಗನೆ ಹಾರಿ ಕಿಟಕಿಗೆ ತಲೆ ಹಾಕಿದ. "ಲೋ ಕತ್ತೆ! ನಿನ್ನ ಆಲೂಗಡ್ಡೆಗೆ ಹುಳ ಹಿಡಿಯ! ಇಲ್ಲಿ ಮನುಷ್ಯರು ಬಾರಿಸ್ತಿರೋದು ಕೇಳಲ್ವೇನೋ? ಕೆಳಗೆ ಬಂದರೆ ಆ ಮೈಕು ನಿನ್ನ ಗಂಟಲಿಗೆ ತುರುಕ್ತೀನಿ!"

ವ್ಯಾನು ಹೋಯಿತು. ಅವನು ತಿರುಗಿದ. ಅಜ್ಜಿಯ ತೊಡೆಯ ಮೇಲೆ ಬುಝೂಕಿ ಮತ್ತೆ ಮಲಗಿತ್ತು.

"ಕೈ ಬಂಗಾರ. ಬಾಯಲ್ಲಿ ಬಿರುಕಿದೆ" ಎಂದಳು ಅಜ್ಜಿ. "ಬಿರುಕಿರೋ ಸಾಮಾನು ನೀನೇ ತಗೊಳಲ್ಲ, ನಾನು ಯಾಕೆ ತಗೊಳ್ಳಲಿ? ನಮ್ಮ ಯಜಮಾನ್ರು ಈ ಮರದ ಮುಂದೆ ಒಂದು ದಿನವೂ ದನಿ ಏರಿಸಿಲ್ಲ."

ಥೋದೋಸಿಸ್ ಅಜ್ಜಿಯ ಮುಂದೆ ಮಂಡಿಯೂರಿದ. ನಾಳೆ ಶನಿವಾರ! ಕುರ್ಚಿ! ಫೋತಿಸ್! "ಅಮ್ಮಾ, ನಿಮ್ಮ ಕಾಲಿಗೆ ಬೀಳ್ತೀನಿ. ನೀವು ಹೇಳಿದ್ದೇ ರೇಟು. ಚೌಕಾಸಿ ಮಾಡಲ್ಲ!"

ಅಜ್ಜಿ ಯೋಚಿಸಿದಳು. ಆಮೇಲೆ ಅರ್ಗಿರೋಳನ್ನು ಹತ್ತಿರ ಕರೆದಳು. "ನೋಡು ತಾಯಿ, ದುಡ್ಡು ನಿನ್ನ ಗಂಡನ ಕೈಯಿಂದ ಇಸ್ಕೋತೀನಿ. ಬುಝೂಕಿ ಮಾತ್ರ ನಿನ್ನ ಕೈಗೆ. ಇದು ನಿಂದು. ಬಾಯಿ ಸುಮ್ಮನಿದ್ದಷ್ಟು ಹೊತ್ತು ಅವನಿಗೆ ಕೊಡು. ಬಾಯಿ ತೆರೆದ ಅಂದ್ರೆ, ಅಲ್ಲೇ ಕಿತ್ಕೊ."

"ಅಲ್ಲೇ ಅಂದ್ರೆ, ಹಾಡಿನ ನಡುವೇನಾ?"

"ಹಾಡಿನ ನಡುವೆಯೇ!"

ಶನಿವಾರ ಮಾಂಥೋಸನ ಹೋಟೆಲು ತುಂಬಿತ್ತು. ಥೋದೋಸಿಸ್ ಕೊನೆಗೂ ಆ ಕುರ್ಚಿಯಲ್ಲಿ ಕೂತ! ಕೂತು ಮೀಟಿದ್ದೇ ತಡ, ಕರಿದ ಮೀನು ಬಾಯಿಗೆ ಹೋಗುತ್ತಿದ್ದದ್ದು ಅರ್ಧದಲ್ಲೇ ನಿಂತಿತು. ಆಗ ಎದುರು ಮೇಜಿನಿಂದ ಫೋತಿಸ್ ಊರಿಗೆಲ್ಲ ಕೇಳುವಂತೆ ಕೂಗಿದ:

"ಏನ್ ಭಾವ, ಮೇಲಿನ ತಂತಿ ಶ್ರುತಿ ಸೇರಿಲ್ವಾ? ಅಥವಾ ಹಳೇ ಮಾಲು ಹೀಗೇನಾ?"

ಹತ್ತಿರ ಕೂತವರು ಗ್ಲಾಸುಗಳನ್ನು ಎತ್ತಿಟ್ಟುಕೊಂಡರು. ಥೋದೋಸಿಸನ ಕತ್ತಿನ ನರ ಹಗ್ಗದಂತೆ ಉಬ್ಬಿತು, ಕಿವಿ ಕೆಂಪಾಯಿತು, ಬಾಯಿ ತೆರೆಯಿತು. ಮೂಲೆಯಲ್ಲಿ ಅರ್ಗಿರೋ ತುಟಿ ಒರೆಸಿಕೊಂಡು, ನಿಧಾನವಾಗಿ ಎದ್ದು ನಿಂತಳು.

ಥೋದೋಸಿಸ್ ಬಾಯಿ ಮುಚ್ಚಿದ. ನುಂಗಿದ. ಮತ್ತೆ ತೆರೆದಾಗ ಜೇನು ಸುರಿಯಿತು.

"ಹೌದಾ ಫೋತಿಸಪ್ಪಾ? ನೀನು ಹೇಳ್ತೀಯ ಅಂದ್ಮೇಲೆ ಇರಬಹುದು. ನೋಡ್ತೀನಿ, ಕಣೋ. ಥ್ಯಾಂಕ್ಸ್."

ಒಳಗೆ ಎಲ್ಲೋ ಒಂದು ತಟ್ಟೆ ಬಿದ್ದು ಒಡೆಯಿತು. ಮಾಂಥೋಸ್ ಎಣ್ಣೆ ಕೈಯಲ್ಲೇ ಅಡುಗೆಮನೆಯಿಂದ ಓಡಿ ಬಂದು ಥೋದೋಸಿಸನ ಹಣೆ ಮುಟ್ಟಿ ನೋಡಿದ.

"ಅರ್ಗಿರೋ! ಏನಾಗಿದೆ ಇವನಿಗೆ? ಯಾರನ್ನಮ್ಮಾ ಕರ್ಕೊಂಡು ಬಂದಿದೀಯ?"

"ಗಾಬರಿ ಆಗಬೇಡ ಮಾಂಥೋಸಣ್ಣಾ" ಎಂದು ಅರ್ಗಿರೋ ಮತ್ತೆ ಕೂತು, ಒಂದು ಮೀನು ಬಾಯಿಗೆ ಹಾಕಿಕೊಂಡಳು. "ಹಳೇದೇ. ಸ್ವಲ್ಪ ರಿಪೇರಿ ಮಾಡಿಸಿದೀನಿ."