ಷಡ್ಡಕನ ವಿಮಾನದ ಚೀಟಿ

ಹೊಟ್ಟೆಕಿಚ್ಚಿಗೂ ಒಂದು ಶಿಸ್ತು ಇರಬೇಕು ಎಂದು ನಂಬಿದವನು ನಾನು. ಸಾಹುಕಾರರನ್ನು, ಮಂತ್ರಿಗಳನ್ನು ಕಂಡು ಕರುಬುವುದು ದಂಡ. ಅವರಿಗೆ ಅದು ಗೊತ್ತೇ ಆಗುವುದಿಲ್ಲ. ಆದ್ದರಿಂದ ನನ್ನ ಹೊಟ್ಟೆಯುರಿಯನ್ನೆಲ್ಲ ಒಬ್ಬನಿಗೇ ಮೀಸಲಿಟ್ಟಿದ್ದೆ. ಅವನು ನನ್ನ ಷಡ್ಡಕ ರಾಜಣ್ಣ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ನಾನು ಗುಬ್ಬಿಯಲ್ಲಿ ಹೈಸ್ಕೂಲು ಮೇಷ್ಟ್ರು, ಅವನು ತುಮಕೂರಿನ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರು. ಇಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಕಾರ್ಖಾನೆಯವರು ಅವನನ್ನು ತರಬೇತಿಗೆಂದು ಬೊಂಬಾಯಿಗೆ ಕಳಿಸಿ, ವಾಪಸು ಬರುವುದಕ್ಕೆ ವಿಮಾನದ ಟಿಕೆಟ್ ಕೊಟ್ಟರು. "ನೀವು ಗುಬ್ಬಿಯಿಂದ ತುಮಕೂರ್ ಮುಟ್ಟೋಷ್ಟ್ರಲ್ಲಿ ನಮ್ ರಾಜಣ್ಣ ಬೊಂಬಾಯಿಂದ ಬಂದ್ಬುಟ್ಟಿರ್ತಾರೆ" ಎಂದು ನನ್ನ ಹೆಂಡತಿ ಒಗ್ಗರಣೆ ಹಾಕುತ್ತಲೇ ಹೇಳಿದಳು. ಆವತ್ತಿನ ಸಾರು ನನಗೆ ಸೇರಲಿಲ್ಲ.

ಇಲ್ಲಿ ಒಂದು ಕುರ್ಚಿಯ ವಿಷಯ ಹೇಳಬೇಕು. ಕುಣಿಗಲ್ಲಿನ ನಮ್ಮ ಮಾವನ ಮನೆಯ ಪಡಸಾಲೆಯಲ್ಲಿ ಪಟ್ಟೆಬಟ್ಟೆಯ ಒಂದು ಈಸಿ ಚೇರಿತ್ತು. ಅಳಿಯಂದಿರು ಬಂದಾಗ ಮಾವ ತಾವೇ ಎದ್ದು, ಧೂಳು ಕೊಡವಿ, ದೊಡ್ಡಳಿಯನಾದ ನನ್ನನ್ನು ಅದರಲ್ಲಿ ಕೂರಿಸುತ್ತಿದ್ದರು. ರಾಜಣ್ಣನಿಗೆ ಬೆಂಚು. ಇಲಾಖೆಯಲ್ಲಿ ಬಡ್ತಿಯನ್ನೇ ಕಾಣದ ನನಗೆ ಸಿಕ್ಕಿದ ಪದವಿ ಅದೊಂದೇ. ಅಂಥ ಮಾವ ಈಗ, "ದೊಡ್ಡಳಿಯಂದ್ರೇ, ನೀವೇ ಬೆಂಗ್ಳೂರ್‌ಗೆ ಹೋಗಿ ರಾಜಣ್ಣೋರ್ನ ಕರ್ಕೊಂಡ್ ಬಂದ್ಬುಡಿ. ಪಾಪ, ಆಕಾಶದಿಂದ ಇಳ್ದಿರ್ತಾರೆ, ಸುಸ್ತಾಗಿರ್ತದೆ" ಎಂದರು. ನಿನ್ನೆಯವರೆಗೆ ಬರೀ ರಾಜಣ್ಣನಾಗಿದ್ದವನು ವಿಮಾನ ಹತ್ತುವ ಮೊದಲೇ ರಾಜಣ್ಣೋರಾಗಿದ್ದ.

ಏರ್‌ಪೋರ್ಟಿನಲ್ಲಿ ಹೊರಬಂದವನ ಮುಖದಲ್ಲಿ ಸುಸ್ತಿನ ಸುಳಿವೇ ಇರಲಿಲ್ಲ. ಅವನ ಕೈಚೀಲದ ಹಿಡಿಯಲ್ಲಿ ದಾರದಿಂದ ಕಟ್ಟಿದ ಒಂದು ರಟ್ಟಿನ ಚೀಟಿ ತೂಗಾಡುತ್ತಿತ್ತು. ಆ ಕಾಲದಲ್ಲಿ ವಿಮಾನದಲ್ಲಿ ಹೋಗಿ ಬಂದವರು ಆ ಚೀಟಿಯನ್ನು ಬಿಚ್ಚುತ್ತಿರಲಿಲ್ಲ. ದಾರ ಸವೆದು ತಾನಾಗಿ ಉದುರುವವರೆಗೂ ಮದುವೆಗೆ, ಮುಂಜಿಗೆ, ತರಕಾರಿಗೆ ಕೂಡ ಅದೇ ಚೀಲ. "ಭಾವ, ಊರೊಳಕ್ಕೆ ಹೋಗಕ್ಕೆ ಕೋಚ್ ಇದೆ, ಬನ್ನಿ" ಎಂದ ರಾಜಣ್ಣ. ಕೋಚ್ ಎಂದರೆ ಬಸ್ಸೇ ಎಂದು ಕಂಡೊಡನೆ ನನ್ನೊಳಗಿನ ಗುಬ್ಬಿ ಬಸ್‌ಸ್ಟ್ಯಾಂಡು ಎಚ್ಚರವಾಯಿತು. ಹೆಗಲ ಮೇಲಿನ ಟವೆಲ್ ಸುತ್ತಿ, ಓಡಿಹೋಗಿ, ಕಿಟಕಿಯೊಳಗಿನ ಸೀಟಿಗೆ ಗುರಿಯಿಟ್ಟು ಎಸೆದೆ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ತಪ್ಪದ ಗುರಿ! ಆದರೆ ಆ ಕೋಚಿನ ಕಿಟಕಿಗಳಿಗೆ ತೆರೆಯಲಾಗದ ಗಾಜು. ಟವೆಲ್ ಗಾಜಿಗೆ ಬಡಿದು, ಜಾರಿ, ಸೂಟು ತೊಟ್ಟ ಒಬ್ಬ ದೊಡ್ಡಮನುಷ್ಯರ ಬೂಟಿನ ಮೇಲೆ ಬಿತ್ತು. "ಎಲ್ರಿಗೂ ಸೀಟಿದೆ ಸಾರ್" ಎಂದ ಡ್ರೈವರ್, ಬಹಳ ಮೃದುವಾಗಿ. ಬೈದಿದ್ದರೆ ವಾಸಿಯಿತ್ತು. ರಾಜಣ್ಣ ನಗಲಿಲ್ಲ. ಟವೆಲ್ ಎತ್ತಿ, ಕೊಡವಿ, ಮಡಿಸಿ ನನ್ನ ಕೈಗಿತ್ತ. ಅದಕ್ಕೂ ನನಗೆ ಸಿಟ್ಟು ಬಂತು.

ಒಳಗೆ ತಲೆಯಿಡುವ ಜಾಗಕ್ಕೆಲ್ಲ ಬಿಳಿ ಬಟ್ಟೆ. ನಿಂತವರು ಒಬ್ಬರೂ ಇಲ್ಲ. "ಸ್ವಲ್ಪ ಸರ್ಕೊಳಿ" ಎನ್ನುವವರಿಲ್ಲ, ಕಾಲ ಬುಡದಲ್ಲಿ ಕೋಳಿ ಇಲ್ಲ. ಪಕ್ಕದ ಸಾಲಿನವರು ನನ್ನನ್ನು, "ಪ್ರಯಾಣ ಹೇಗಿತ್ತು?" ಎಂದು ಕೇಳಿದರು. "ಸ್ವಲ್ಪ ಕುಲುಕಾಟ" ಎಂದೆ. ಬೆಳಗಿನ ಬಸ್ಸಿನ ಮಟ್ಟಿಗೆ ಅದು ಸತ್ಯವೇ. ಆ ಅರ್ಧ ಗಂಟೆ ನಾನೂ ಆಕಾಶದಿಂದ ಇಳಿದವನೇ ಆಗಿದ್ದೆ. ಊರೊಳಗೆ ಇಳಿಯುವಾಗ ಸೀಟುಗಳ ನಡುವೆ ಅಂಥದೇ ಒಂದು ಚೀಟಿ ಬಿದ್ದಿತ್ತು. ಮುಂದೆ ಹೋಗುತ್ತಿದ್ದ ರಾಜಣ್ಣನಿಗೆ ಕಾಣದಂತೆ ಎತ್ತಿ ಜೇಬಿಗೆ ಹಾಕಿಕೊಂಡೆ. ಕುಣಿಗಲ್ ಬಸ್ಸಿನಲ್ಲಿ ಅವನು ಚೀಲ ತಡಕಾಡಿ, "ಅಯ್ಯೋ, ಚೀಟಿ ಎಲ್ಲೋ ಬಿದ್ದೋಯ್ತು ಭಾವ. ಮಗಳಿಗೆ ತೋರುಸ್ತೀನಿ ಅಂದಿದ್ದೆ" ಎಂದ. ಕೋಚಿನಲ್ಲಿ ಇಪ್ಪತ್ತು ಜನರಿದ್ದರು, ನನ್ನ ಜೇಬಿನಲ್ಲಿದ್ದದ್ದು ಯಾರದ್ದೋ ಇರಬಹುದು ಎಂದು ಮನಸ್ಸಿಗೆ ಹೇಳಿಕೊಂಡೆ. ತಿರುಗಿಸಿ ನೋಡಲು ಮಾತ್ರ ಹೋಗಲಿಲ್ಲ. ಆ ಸಂಜೆ ಈಸಿ ಚೇರು ರಾಜಣ್ಣೋರಿಗಾಯಿತು, ಬೆಂಚು ನನಗೆ.

ಮೂರು ತಿಂಗಳ ಮೇಲೆ ಮೇಷ್ಟ್ರುಗಳ ತರಬೇತಿಗೆ ಬೆಂಗಳೂರಿಗೆ ಹೋಗಿದ್ದವನು ನೇರ ಕುಣಿಗಲ್ಲಿಗೆ ಹೋದೆ. ಚೀಲಕ್ಕೆ ಆ ಚೀಟಿ ಕಟ್ಟಿದ್ದೆ. ಮಾವನ ಕಣ್ಣು ಮೊದಲು ಬಿದ್ದದ್ದೇ ಅದರ ಮೇಲೆ.

"ಇದೇನ್ ಅಳಿಯಂದ್ರೇ! ನೀವೂ ಹಾರುದ್ರಾ?"

"ಏನ್ಮಾಡೋದು ಮಾವ, ಇಲಾಖೆ ಕೆಲಸ" ಎಂದು ಕೆಮ್ಮಿದೆ.

"ಮೇಲಿಂದ ನಮ್ ಕೆರೆ ಕಾಣುಸ್ತಾ? ರಾಜಣ್ಣ ಮೋಡ ಇತ್ತು, ಏನೂ ಕಾಣ್ಲಿಲ್ಲ ಅಂದ್ಬುಟ್ಟ."

"ಕಾಣ್ದೆ ಏನು ಮಾವ? ಅಂಗೈಯಷ್ಟಗಲ, ಫಳಫಳ ಅಂತಿತ್ತು."

ಮಾವ ಎದ್ದರು. ಕುರ್ಚಿಯ ಧೂಳು ಕೊಡವಿದರು. ರಾಜಣ್ಣೋರು ಮತ್ತೆ ರಾಜಣ್ಣನಾದದ್ದನ್ನು ಕೇಳಿಸಿಕೊಳ್ಳುತ್ತಾ ನಾನು ಒರಗಿದೆ. ಆಹಾ, ಆ ಸುಖ! ಕಾಫಿಯ ಲೋಟ ಇನ್ನೂ ಅರ್ಧ ಇದ್ದಾಗ ರಾಜಣ್ಣನೇ ಬಂದ. ಮಾವ ಅವನನ್ನು ಬಾಗಿಲಲ್ಲೇ ತಡೆದು, ದೊಡ್ಡಳಿಯಂದಿರ ವಿಮಾನದ ಕಥೆಯನ್ನು, ಕೆರೆ ಫಳಫಳ ಎಂದದ್ದನ್ನು, ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದರು. ಅವನು ಬಂದು ನನ್ನ ಚೀಲದ ಪಕ್ಕ ಕುಕ್ಕರಗಾಲಲ್ಲಿ ಕೂತು ಚೀಟಿಯನ್ನು ಹಿಡಿದ. ತಿರುಗಿಸಿದ. ಹಿಂಬದಿಯಲ್ಲಿ ನೀಲಿ ಶಾಯಿಯಲ್ಲಿ, ಅವನದೇ ದುಂಡು ಅಕ್ಷರದಲ್ಲಿ, ಅವನ ಹೆಸರಿತ್ತು. ನಾನು ಕಾಫಿಯ ಲೋಟ ಕೆಳಗಿಟ್ಟೆ. ಹನ್ನೊಂದು ವರ್ಷದ ದೊಡ್ಡಳಿಯತನ ಇನ್ನೊಂದು ಮಾತಿಗೆ ಮುಗಿಯುವುದರಲ್ಲಿತ್ತು.

ರಾಜಣ್ಣ ಚೀಟಿಯನ್ನು ಮೊದಲಿನಂತೆ ಮಗುಚಿದ. ಗಂಟು ಬಿಚ್ಚಿ, ಎರಡು ಸುತ್ತು ಸುತ್ತಿ, ಬಿಗಿಯಾಗಿ ಕಟ್ಟಿದ.

"ದಾರ ಸಡ್ಲ ಆಗಿತ್ತು ಭಾವ. ಬಿದ್ದೋಗ್ಬುಡ್ತದೆ, ಹುಷಾರು" ಎಂದವನು ಹೋಗಿ ಬೆಂಚಿನ ಮೇಲೆ ಕೂತ.

ಆವತ್ತಿನಿಂದ ಆ ಕುರ್ಚಿಯಲ್ಲಿ ಕೂತರೆ ನನಗೆ ಬೆನ್ನು ನೋವು. ವಿಮಾನ ಹತ್ತಿದ್ದನ್ನಾದರೂ ಅವನಿಗೆ ಕ್ಷಮಿಸಬಹುದಿತ್ತು. ಎಂದಾದರೊಂದು ದಿನ ನಾನೂ ಹತ್ತಿ ಸರಿಗಟ್ಟಬಹುದು. ಅವನು ನನಗಿಂತ ಒಳ್ಳೆಯವನೂ ಆಗಿಬಿಟ್ಟನಲ್ಲ, ಅದನ್ನು ಮಾತ್ರ ಇವತ್ತಿಗೂ ಸಹಿಸಲು ಆಗಿಲ್ಲ.